ಕ್ಯಾಲ್ಸಿಯಂ ಇಳಿದ ದಿನ

ಆ ಸುಳ್ಳನ್ನು ಹುಟ್ಟಿಸಿದವಳು ನಾನೇ. ಬೇರೆ ಯಾರ ತಲೆಗೂ ಅದನ್ನು ಕಟ್ಟುವುದಿಲ್ಲ. ನನ್ನ ತಂಗಿ ಅವಾತಿಫ್‌ಗೆ ಅತ್ತೂ ಅತ್ತೂ ಮಾತೇ ನಿಂತುಹೋಗಿತ್ತು. ಅವಳ ಗಂಡ ರಿಫಾತ್ ಆಸ್ಪತ್ರೆಯ ಗೋಡೆ ನೋಡುತ್ತಾ ನಿಂತಿದ್ದ. ಮಗಳು ಶುರೂಕ್ ಬಾಗಿಲಾಚೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಯಾರಾದರೂ ಅವಳಿಗೆ ಏನಾದರೂ ಹೇಳಲೇಬೇಕಿತ್ತು. ನಮ್ಮ ಮನೆಯಲ್ಲಿ ಇಂಥ ಕೆಲಸವೆಲ್ಲ ಕೊನೆಗೆ ನನ್ನ ಕೊರಳಿಗೇ ಬೀಳುತ್ತದೆ. ಗಂಡ ಸತ್ತವಳು, ಮಕ್ಕಳಿಲ್ಲದವಳು, ಇನ್ಶಿರಾಹ್‌ಗೆ ಬೇರೇನು ಕೆಲಸ, ಅವಳೇ ಮಾಡಲಿ ಎಂದು ಎಲ್ಲರ ಲೆಕ್ಕ.

ಡಾಕ್ಟರ್ ನಶ್ವಾ ಆಗಷ್ಟೇ ಹೇಳಿ ಮುಗಿಸಿದ್ದರು. ಎರಡು ತಿಂಗಳಿಂದ ಹುಡುಗಿಯನ್ನು ಹಿಂಡುತ್ತಿದ್ದ ಬೆನ್ನುನೋವು ಬರೀ ನೋವಲ್ಲ. ಮೂಳೆಯ ಮಜ್ಜೆಯೊಳಗೆ ರಕ್ತದ ಕ್ಯಾನ್ಸರ್ ಕೂತಿದೆ. ಇನ್ನೊಂದು ಪರೀಕ್ಷೆಯ ಫಲಿತಾಂಶ ಎಂಟು ದಿನದಲ್ಲಿ ಬರುತ್ತದೆ, ಬಂದ ದಿನವೇ ಔಷಧಿ ಶುರು.

“ದಾರಿ ಇದೆ,” ಎಂದರು. “ಸುಲಭದ್ದಲ್ಲ. ಆದ್ರೆ ಇದೆ.”

ಅವಾತಿಫ್ ಅವರ ಕೋಟಿನ ತೋಳು ಹಿಡಿದುಕೊಂಡಳು. “ಹುಡುಗೀಗೆ ಹೇಳ್ಬೇಡಿ ಡಾಕ್ಟ್ರೇ. ನಿಮ್ಮ ಕೈಗೆ ಮುತ್ತಿಡ್ತೀನಿ. ಕೇಳಿದ್ರೆ ಅವಳು ಅಲ್ಲೇ ಪ್ರಾಣ ಬಿಡ್ತಾಳೆ.”

“ಅವಳಿಗೆ ಹತ್ತೊಂಬತ್ತು ವರ್ಷ ಅಮ್ಮಾ. ಮೈ ಅವಳದು. ಈ ಎಂಟು ದಿನದಲ್ಲಿ ನೀವೇ ಹೇಳಿ. ಇಲ್ಲಾಂದ್ರೆ ಔಷಧಿ ಶುರು ಮಾಡೋ ದಿನ ನಾನೇ ಹೇಳ್ತೀನಿ. ಈ ಮಧ್ಯೆ ಜ್ವರ, ವಾಂತಿ, ಮಂಪರು ಏನು ಕಂಡ್ರೂ ಅವತ್ತೇ ಕರ್ಕೊಂಡು ಬನ್ನಿ.”

ಆ ಡಾಕ್ಟರಮ್ಮನಿಗೆ ವಯಸ್ಸು ಚಿಕ್ಕದು, ನಮ್ಮ ಜನ ಹೇಗೆ ಎಂದು ಇನ್ನೂ ಗೊತ್ತಿರಲಿಲ್ಲ. ನಮ್ಮಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ‘ಆ ಕೆಟ್ಟದ್ದು’ ಎನ್ನುತ್ತೇವೆ, ಎನ್ನುವಾಗ ನೊಣ ಓಡಿಸುವಂತೆ ಕೈ ಬೀಸುತ್ತೇವೆ. ಸತ್ತವರ ಬಗ್ಗೆ ಹೇಳುವಾಗಲೂ ಹಾಗೆಯೇ. ಬದುಕಿರುವವರ ಎದುರಿಗಂತೂ ಬಾಯಿಗೆ ಬೀಗ. ಮದುವೆ ಗೊತ್ತಾದ ಹುಡುಗಿಯ ವಿಷಯದಲ್ಲಿ ಆ ಮಾತು ನಮ್ಮ ದುಮ್ಯಾತ್ ಊರಿನ ಒಂದು ಓಣಿಗೆ ಬಿದ್ದರೆ ಸಂಜೆಯೊಳಗೆ ನದಿ ದಾಟಿರುತ್ತದೆ.

ನಾವು ಮೂವರೂ ಹೊರಗೆ ಬಂದೆವು. ಶುರೂಕ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. “ಏನಂತೆ? ಯಾರಾದ್ರೂ ಬಾಯಿ ಬಿಡ್ತೀರಾ?”

ರಿಫಾತ್ ಕೆಮ್ಮಿದ. ಅವಾತಿಫ್ ಚೀಲದಲ್ಲಿ ಏನೋ ಹುಡುಕತೊಡಗಿದಳು.

“ಏನಿಲ್ವೇ,” ಎಂದೆ ನಾನು. “ಕ್ಯಾಲ್ಸಿಯಂ ಕಮ್ಮಿಯಂತೆ. ಮೂಳೆ ಟೊಳ್ಳಾಗಿದೆಯಂತೆ. ಊಟ ಬಿಟ್ಟು ಫೋನ್ ತಿಂದ್ರೆ ಇನ್ನೇನಾಗತ್ತೆ?”

ಹುಡುಗಿ ನಕ್ಕುಬಿಟ್ಟಳು. “ಅಷ್ಟೇನಾ? ನಿಮ್ಮ ಮುಖ ನೋಡಿ ಸತ್ತೇ ಹೋಗ್ತೀನೇನೋ ಅಂದ್ಕೊಂಡೆ ದೊಡ್ಡಮ್ಮ!”

ಆ ನಗು ನೋಡಿ ನನಗೆ ಎಷ್ಟು ಹಗುರವಾಯಿತೆಂದರೆ, ದೇವರು ನನ್ನನ್ನು ಕ್ಷಮಿಸಲಿ, ನಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಅವಾತಿಫ್ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ನಮ್ಮ ತಾಯಿಯ ಗೋರಿಯ ಮೇಲೆ ಆಣೆ ಮಾಡಿಸಿಕೊಂಡಳು. ಏನೇ ಆಗಲಿ, ಅವಳ ಬಾಯಿಂದ ಬರದೆ ನನ್ನ ಬಾಯಿಂದ ಆ ಮಾತು ಬರಬಾರದು. ಮಾಡಿದೆ.

ಕಾಯಿಲೆಯವರನ್ನು ನೋಡಲು ನಮ್ಮಲ್ಲಿ ಯಾರೂ ಬರಿಗೈಲಿ ಬರುವುದಿಲ್ಲ. ನಾನು ಮರೆತದ್ದು ಅದನ್ನೇ. ಸುಳ್ಳು ಹೇಳುವವಳು ಹೊಟ್ಟೆನೋವು ಎಂದಾದರೂ ಹೇಳಬಾರದಿತ್ತೆ? ಪುದೀನ ಕಷಾಯ ಕುಡಿಸಿ ಹೋಗುತ್ತಿದ್ದರು. ಕ್ಯಾಲ್ಸಿಯಂ ಕಮ್ಮಿ ಎಂದ ಮೇಲೆ ಇಡೀ ಓಣಿ ಕ್ಯಾಲ್ಸಿಯಂ ಹೊತ್ತುಕೊಂಡು ಬಂತು. ಎಮ್ಮೆ ಹಾಲು ಬಂತು, ಡಬ್ಬಿಗಟ್ಟಲೆ ಬಿಳಿ ಚೀಸ್ ಬಂತು, ಎಳ್ಳಿನ ಹಲ್ವ ಬಂತು. ಎದುರುಮನೆಯ ದರ್ಜಿ ಹೆಂಗಸು ಹತ್ತು ಮೊಟ್ಟೆಯ ಸಿಪ್ಪೆ ಕುಟ್ಟಿ ನಿಂಬೆರಸದಲ್ಲಿ ನೆನೆಹಾಕಿ ತಂದಳು, ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಂದಳು. ಔಷಧಿ ಅಂಗಡಿಯವನು ಗುಳಿಗೆ ಕೊಟ್ಟ, ಜೊತೆಗೆ ವಿಟಮಿನ್ ಡಿ ಸೂಜಿಯನ್ನೂ ತಾನೇ ಚುಚ್ಚಿ ಕಳಿಸಿದ. ಅವನನ್ನು ಬೈದು ಏನು ಪ್ರಯೋಜನ? ನಾವು ಹೇಳಿದ್ದಕ್ಕೆ ತಕ್ಕಂತೆ ಕೊಟ್ಟ.

ಮೂರನೇ ದಿನ ಶುರೂಕ್‌ಗೆ ಗೊತ್ತಾದ ಹುಡುಗನ ತಾಯಿ, ಹಜ್ ಯಾತ್ರೆ ಮುಗಿಸಿದ ಹಜ್ಜಾ ತಹಾನಿ, ಬಂದಳು. ಆಕೆ ಬಂದರೆ ಸೋಫಾ ತುಂಬುತ್ತದೆ. “ಏನವ್ವಾ ಶುರೂಕ್, ನಮ್ಮನೆ ನಾಲ್ಕನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ಟೊಳ್ಳು ಮೂಳೆ ಇಟ್ಕೊಂಡು ಹೇಗೆ ಹತ್ತೀಯಾ? ನನ್ನ ಮಗ ಹೊತ್ಕೊಂಡು ಹೋಗ್ತಾನೆ ಅಂದ್ಕೊಂಡಿದೀಯೇನೋ!”

“ಮೊದಲ ವಾರ ಹೊತ್ಕೊಳ್ಲಿ ಅತ್ತೆ, ಆಮೇಲೆ ನಾನೇ ಹತ್ತುತ್ತೀನಿ,” ಎಂದಳು ಹುಡುಗಿ.

“ನೋಡ್ರೇ ಇವಳ ಬಾಯಿ!” ಎಂದು ಹಜ್ಜಾ ಹೊಟ್ಟೆ ಕುಣಿಸಿ ನಕ್ಕು, ತಾನು ತಂದಿದ್ದ ಗುಳಿಗೆ ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿದಳು. ವಿದೇಶದ್ದಂತೆ, ಕುದುರೆಗೆ ಕೊಟ್ಟರೂ ಓಡುತ್ತದಂತೆ.

ಅವಾತಿಫ್ ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು ದೊಡ್ಡ ಲೋಟ ಹಾಲಿಗೆ ಅರೆದ ಎಳ್ಳು, ಜೇನು ಕಲಸುತ್ತಿದ್ದಳು. ಕಲಸುವಾಗ ಅವಳು ಗುನುಗುತ್ತಿದ್ದುದನ್ನು ನಾನು ಕೇಳಿದ್ದೇನೆ. ಆ ಸುಳ್ಳನ್ನು ಅವಳು ನಂಬತೊಡಗಿದ್ದಳು. ಹಾಲಿನಲ್ಲಿ ವಾಸಿಯಾಗುವ ಕಾಯಿಲೆ ಯಾವ ತಾಯಿಗೆ ಬೇಡ? ರಿಫಾತ್ ತನ್ನ ಮರಗೆಲಸದ ಕಾರ್ಖಾನೆಗೆ ಹೋಗಿ ಮಗಳ ಮದುವೆಯ ಮಂಚಕ್ಕೆ ಮತ್ತೆ ಉಳಿ ಹಿಡಿದ. ನಾನು ಅದರ ಮೆತ್ತೆಗೆ ಬಟ್ಟೆ ಕತ್ತರಿಸಲು ಕೂತೆ. ಮೂವರೂ ದೊಡ್ಡವರು, ಮೂವರಿಗೂ ಬುದ್ಧಿ ಇದೆ, ಆದರೂ ಸಂಜೆಯಾದರೆ ಹುಡುಗಿ ಲೋಟ ಎತ್ತಿ ಕುಡಿಯುವುದನ್ನು ಸುತ್ತ ನಿಂತು ನೋಡುತ್ತಿದ್ದೆವು. ಕೊನೆಯ ಗುಟುಕು ಇಳಿದಾಗ ನಮಗೇ ವಾಸಿಯಾದಷ್ಟು ಸಮಾಧಾನ.

ಐದನೇ ದಿನ ಅವಳಿಗೆ ಬಾಯಾರಿಕೆ ಶುರುವಾಯಿತು. ಕುಡಿದದ್ದೆಲ್ಲ ಗಳಿಗೆಗೊಮ್ಮೆ ಬಚ್ಚಲಿಗೆ. ಊಟ ಸೇರಲಿಲ್ಲ, ಹೊಟ್ಟೆ ಕಟ್ಟಿಕೊಂಡಿತು, ವಾಂತಿಯಾಯಿತು. “ಬರೀ ಸುಸ್ತು ಕಣೇ ಅಕ್ಕ, ಮೈಯಲ್ಲಿ ಶಕ್ತಿ ಎಲ್ಲಿದೆ ಅವಳಿಗೆ,” ಎಂದು ಅವಾತಿಫ್ ಇನ್ನೊಂದು ಲೋಟ ಹಾಲು ತಂದಳು. ಆರನೇ ದಿನ ಹುಡುಗಿ ಮಧ್ಯಾಹ್ನದವರೆಗೆ ಏಳಲಿಲ್ಲ. ಎಬ್ಬಿಸಿದರೆ, ನಾಳೆ ಪರೀಕ್ಷೆ ಇದೆ, ಪುಸ್ತಕ ಎಲ್ಲಿ ಎಂದಳು. ಪರೀಕ್ಷೆ ಮುಗಿದು ಒಂದು ತಿಂಗಳಾಗಿತ್ತು. ಆಮೇಲೆ ನನ್ನನ್ನು ನೋಡಿ, “ಅಜ್ಜಿ, ನೀನು ಯಾವಾಗ ಬಂದೆ?” ಎಂದಳು.

ನಮ್ಮ ತಾಯಿ ಸತ್ತು ಒಂಬತ್ತು ವರ್ಷ.

“ಹಾಲು ಕುಡಿದ್ರೆ ಸರಿಹೋಗ್ತಾಳೆ,” ಎಂದು ಅವಾತಿಫ್ ಲೋಟ ಹಿಡಿದು ಬಂದಳು.

ನಾನು ಆ ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದೆ. “ಡಾಕ್ಟ್ರು ಮಂಪರು ಅಂದಿದ್ರಲ್ಲೇ! ವಾಂತಿ ಅಂದಿದ್ರಲ್ಲೇ! ನಮಗೆ ಕಿವಿ ಇಲ್ವಾ? ಗಂಡನ್ನ ಕರಿ. ಗಾಡಿ ತರ್ಸು.” ಐದನೇ ದಿನ ಕೂಗಬೇಕಾದ್ದನ್ನು ಆರನೇ ದಿನ ಕೂಗಿದೆ. ಆ ಒಂದು ದಿನ ಇಂದಿಗೂ ನನ್ನ ಎದೆಯ ಮೇಲೆ ಕೂತಿದೆ.

ಆ ಆಸ್ಪತ್ರೆ ಇರುವ ಮನ್ಸೂರಾ ಊರು ತಲುಪಿ ರಕ್ತ ಕೊಟ್ಟು ಒಂದು ಗಂಟೆಯೊಳಗೆ ಡಾಕ್ಟರ್ ನಶ್ವಾ ಕಾಗದ ಹಿಡಿದು ಬಂದರು.

“ಕ್ಯಾಲ್ಸಿಯಂ ಹದಿನೇಳು ಇದೆ. ಹತ್ತೂವರೆ ದಾಟಬಾರದು. ಆರು ದಿನದ ಹಿಂದೆ ಸರಿಯಾಗಿತ್ತು. ಏನಾದ್ರೂ ಕೊಟ್ರಾ ಇವಳಿಗೆ?”

ಅವಾತಿಫ್ ನೆಲ ನೋಡಿದಳು. ರಿಫಾತ್ ಮತ್ತೆ ಗೋಡೆ ನೋಡಿದ. ನಾನೇ ಹೇಳಿದೆ. ಹಾಲು, ಎಳ್ಳು, ಚೀಸ್, ಮೊಟ್ಟೆಸಿಪ್ಪೆ, ಗುಳಿಗೆ, ಸೂಜಿ. ಒಂದೊಂದು ಹೇಳಿದಾಗಲೂ ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆಯುತ್ತಿದ್ದರು.

“ಯಾಕೆ?”

“ಕ್ಯಾಲ್ಸಿಯಂ ಕಮ್ಮಿ ಅಂತ ಸುಳ್ಳು ಹೇಳಿದ್ವಿ. ಹೆಸರು ಹೇಳಬಾರದು ಅಂತ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ವಿವರಿಸಿದರು. ಈ ಕಾಯಿಲೆ ತಾನೇ ಮೂಳೆಯನ್ನು ಕರಗಿಸಿ ಅದರ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಸುರಿಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಅಪರೂಪ, ಆದರೆ ಬಂದರೆ ಬಹಳ ಬೇಗ ಏರುತ್ತದೆ. ಏರಿದರೆ ಮೂತ್ರಪಿಂಡ ಕೆಡುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ, ಎದೆಬಡಿತ ತಪ್ಪುತ್ತದೆ.

“ಇದ್ರಲ್ಲಿ ಕಾಯಿಲೆ ಮಾಡಿದ್ದೆಷ್ಟು, ನಾವು ಮಾಡಿದ್ದೆಷ್ಟು?” ಎಂದು ಕೇಳಿದೆ.

“ಬೇರೆ ಬೇರೆ ಮಾಡಿ ಹೇಳೋಕೆ ಆಗಲ್ಲ. ಕಾಯಿಲೆದೇ ಹೆಚ್ಚು. ಆದ್ರೆ ಉರೀತಿರೋ ಒಲೆಗೆ ನೀವೂ ಸೌದೆ ಹಾಕಿದ್ರಿ. ಈಗ ಇಳಿಸಬೇಕು. ಇಳಿದ್ರೆ ಮಾತ್ರ ಕ್ಯಾನ್ಸರ್ ಔಷಧಿ ಕೊಡೋಕಾಗೋದು. ಇಳೀದಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದರು.

ಬಾಟಲಿ ಮೇಲೆ ಬಾಟಲಿ ಉಪ್ಪುನೀರು ಅವಳ ನರಕ್ಕೆ ಇಳಿಯಿತು. ಮೂಳೆ ಕರಗದಂತೆ ತಡೆಯುವ ಔಷಧಿಯನ್ನೂ ಕೊಟ್ಟರು, ಅದು ಕೆಲಸ ಮಾಡಲು ಎರಡು ಮೂರು ದಿನ ಬೇಕೆಂದರು. ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಮೂವತ್ತು ವರ್ಷ ಜನರ ಕುರ್ಚಿಗಳಿಗೆ ಮೆತ್ತೆ ಹೊಲಿದವಳು ನಾನು. ಅಂಥ ಕುರ್ಚಿಯನ್ನು ಮಾಡಿದವನು ಕೈಗೆ ಸಿಕ್ಕಿದ್ದರೆ ಅದರ ಮೇಲೆ ಅವನನ್ನೇ ಮೂರು ದಿನ ಕೂರಿಸುತ್ತಿದ್ದೆ. ಸೊಂಟ ಸತ್ತುಹೋಯಿತು, ಕಾಲು ಊದಿಕೊಂಡಿತು. ಪ್ರಾರ್ಥನೆ ಮಾಡಲು ಹೋದರೆ ಅರ್ಧಕ್ಕೇ ಎಲ್ಲಿದ್ದೆ ಎಂದು ಮರೆತುಹೋಗುತ್ತಿತ್ತು. ಅಳುವುದಕ್ಕೂ ಒಂದು ತ್ರಾಣ ಬೇಕು, ನನ್ನಲ್ಲಿ ಅದೂ ಉಳಿದಿರಲಿಲ್ಲ. ಅವಾತಿಫ್ ಬಂದು ಮಗಳ ಪಾದ ಒತ್ತಿ, “ಇವತ್ತು ಬಣ್ಣ ಚೆನ್ನಾಗಿದೆ ಅಲ್ವಾ?” ಎಂದು ಕೇಳಿ ಹೋಗುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಹುಡುಗಿಯ ಮೈಬಣ್ಣ ಬೂದಿಯ ಬಣ್ಣ.

ದಿನಾ ಬೆಳಿಗ್ಗೆ ರಕ್ತ ತೆಗೆದು ಅಂಕಿ ಹೇಳುತ್ತಿದ್ದರು. ಹದಿನಾರು. ಹದಿನಾಲ್ಕೂವರೆ. ಮೂರನೇ ದಿನ ಶುರೂಕ್ ಕಣ್ಣು ತೆರೆದು ನೀರು ಕೇಳಿದಳು, ನನ್ನನ್ನು ದೊಡ್ಡಮ್ಮ ಎಂದೇ ಕರೆದಳು. ನಾಲ್ಕನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರ್ ನಶ್ವಾ ಬಾಗಿಲಲ್ಲೇ ನಿಂತು ಎರಡೂ ಕೈ ಎತ್ತಿದರು.

“ಇಳೀತು ಅಮ್ಮಾ! ಕ್ಯಾಲ್ಸಿಯಂ ಹನ್ನೊಂದಕ್ಕೆ ಬಂದಿದೆ!”

ನಾನು ಎದ್ದು ಅವರನ್ನು ತಬ್ಬಿಕೊಂಡೆ. ಮದುವೆಮನೆಯಲ್ಲಿ ಹಾಕುವ ಹಾಗೆ ನಾಲಗೆ ತಿರುಗಿಸಿ ಕೂಗು ಹಾಕಲು ಬಾಯಿ ತೆರೆದಿದ್ದೆ, ಪಕ್ಕದ ಹಾಸಿಗೆಯವಳ ನೆನಪಾಗಿ ಮುಚ್ಚಿಕೊಂಡೆ. “ಅಲ್ಲಾಹ್, ನಿನಗೆ ಸಾವಿರ ಸಲ ಕೃತಜ್ಞಳು,” ಎಂದು ಜೋರಾಗಿಯೇ ಅತ್ತೆ. ಡಾಕ್ಟರ್ ನನ್ನ ಕಿವಿಯ ಹತ್ತಿರ, “ನಾಳೆ ಔಷಧಿ ಶುರು. ಇವತ್ತು ಸಂಜೆ ನಾನು ಅವಳ ಹತ್ರ ಮಾತಾಡ್ಬೇಕು, ಅವಳ ತಾಯಿಗೆ ತಿಳಿಸಿಬಿಡಿ,” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.

ನಾನು ತಿರುಗಿ ನೋಡಿದಾಗ ಶುರೂಕ್ ಮುಖವನ್ನು ಗೋಡೆಯ ಕಡೆ ಹಾಕಿ ಅಳುತ್ತಿದ್ದಳು.

“ಏನೇ? ಏನಾಯ್ತೇ ಬಂಗಾರಾ? ನೋವಾ?”

“ಅಷ್ಟೆಲ್ಲ ಕುಡಿದೆನಲ್ಲ ದೊಡ್ಡಮ್ಮ,” ಎಂದಳು. ಧ್ವನಿ ತೀರಾ ಸಣ್ಣದು. “ಒಂದು ಹನಿ ಬಿಡದೆ ಕುಡಿದೆ. ಆ ಮೊಟ್ಟೆಸಿಪ್ಪೇನೂ ನುಂಗಿದೆ. ಆದ್ರೂ ಇಳಿದೇ ಹೋಯ್ತಾ? ನೀನು ಯಾಕೆ ಖುಷಿ ಪಡ್ತಿದೀಯಾ?”

ಇಳಿಯಲಿ ಇಳಿಯಲಿ ಎಂದು ಮೂರು ದಿನದಿಂದ ಹಲ್ಲು ಕಚ್ಚಿ ಕೂತಿದ್ದೆ. ಇವಳ ಪಾಲಿಗೆ ಇಳಿಯುವುದೆಂದರೆ ಸಾಯುವುದು. ನಾನೇ ಕಲಿಸಿದ್ದು.

“ನನ್ನ ಚೀಲ ಕೊಡು, ಬಾಚಣಿಗೆ ಬೇಕು,” ಎಂದಳು. ಹಾಸಿಗೆಯ ಕೆಳಗಿದ್ದ ಚೀಲ ಕೊಟ್ಟೆ. ಕಣ್ಣು ಒರೆಸಿಕೊಳ್ಳಲು ಆ ಕಡೆ ತಿರುಗಿದೆ, ಅಷ್ಟೇ. ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ನೋಡಿದರೆ ಹಜ್ಜಾ ತಹಾನಿ ಕೊಟ್ಟ ಡಬ್ಬಿ. ಅಂಗೈಯಲ್ಲಿ ನಾಲ್ಕೋ ಐದೋ ದಪ್ಪ ಬಿಳಿ ಗುಳಿಗೆ. ಕೈ ಬಾಯಿಯ ಹತ್ತಿರ ಹೋಗಿತ್ತು.

ನಾನು ಹೊಡೆದೆ. ಆ ಕೈಗೆ, ಸೂಜಿ ಚುಚ್ಚಿದ್ದ ಕೈಗಲ್ಲ, ಇನ್ನೊಂದಕ್ಕೆ, ಇದ್ದ ಬಲವೆಲ್ಲ ಹಾಕಿ ಹೊಡೆದೆ. ಗುಳಿಗೆಗಳು ನೆಲದ ತುಂಬ ಚೆಲ್ಲಿದವು.

“ಹೊಡೆದ್ಯಾ?” ಅವಳಿಗೆ ನಂಬಿಕೆಯೇ ಬರಲಿಲ್ಲ. ಹುಟ್ಟಿದಾಗಿನಿಂದ ನಾನು ಅವಳ ಮೇಲೆ ಕೈ ಎತ್ತಿದವಳಲ್ಲ.

“ಹೊಡೆದೆ. ಎಷ್ಟು ತಗೊಂಡಿದೀಯಾ ಇದನ್ನ? ಮನೇಲಿ ಎಷ್ಟು ತಗೋತಿದ್ದೆ? ನಿಜ ಹೇಳು!”

“ದಿನಕ್ಕೆ ಆರು. ಒಂದು ಅಂತ ಬರೆದಿದೆ. ಬೇಗ ವಾಸಿಯಾಗ್ಲಿ ಅಂತ.” ಮತ್ತೆ ಅಳು. “ಅಪ್ಪ ಮಂಚ ಮಾಡ್ತಾ ಮಾಡ್ತಾ ಅಳ್ತಿದ್ರು ದೊಡ್ಡಮ್ಮ. ನಾನು ನೋಡ್ದೆ.”

ತಾಯಿಯ ಗೋರಿಯ ಆಣೆ ಎಂದರೆ ನಮ್ಮಲ್ಲಿ ಸಣ್ಣದಲ್ಲ. ನಾನು ಮನಸ್ಸಿನಲ್ಲೇ ತಾಯಿಯ ಕ್ಷಮೆ ಕೇಳಿ ಹಾಸಿಗೆಯ ಅಂಚಿನಲ್ಲಿ ಕೂತೆ.

“ಕೇಳು. ನಿಂಗೆ ಕ್ಯಾಲ್ಸಿಯಂ ಕಮ್ಮಿ ಇಲ್ಲ. ಯಾವತ್ತೂ ಇರ್ಲಿಲ್ಲ. ಜಾಸ್ತಿ ಆಗಿತ್ತು, ಜೀವ ತೆಗೆಯೋಷ್ಟು ಜಾಸ್ತಿ. ಅದು ಇಳಿದಿದ್ದಕ್ಕೇ ಅತ್ತಿದ್ದು ನಾನು.”

“ಕಮ್ಮಿ ಅಂತ ಅಂದವರು ಯಾರು?”

“ನಾನು.”

“ಮತ್ತೆ ನಂಗಾಗಿರೋದೇನು?”

ನೊಣ ಓಡಿಸಲು ನನ್ನ ಕೈ ತಾನಾಗಿಯೇ ಎದ್ದಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಿಗೆ ಒತ್ತಿಕೊಂಡೆ. “ಕ್ಯಾನ್ಸರ್,” ಎಂದೆ. “ರಕ್ತದ್ದು. ಮೂಳೆ ಒಳಗೆ.” ಐವತ್ತೆಂಟು ವರ್ಷದಲ್ಲಿ ನಾನು ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕಾಶ ಕಳಚಿ ಬೀಳಲಿಲ್ಲ. ಪಕ್ಕದ ಹಾಸಿಗೆಯವಳು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು, ಅಷ್ಟೇ.

ಹುಡುಗಿ ದಿಂಬಿಗೆ ಒರಗಿ ಎದ್ದು ಕೂತಳು.

“ಅಮ್ಮಂಗೆ ಗೊತ್ತಾ?”

“ಗೊತ್ತು.”

“ಗೊತ್ತಿದ್ದೂ ಹಾಲು ಕಲಸ್ತಿದ್ಳಾ?”

“ಕಲಸ್ತಾ ಕಲಸ್ತಾ ಮರೆತುಬಿಡ್ತಿದ್ಳು ಕಣೇ.”

“ನಂಗೆ ವಾಕರಿಕೆ ಬರ್ತಿತ್ತು,” ಎಂದಳು, ಈಗ ಸಿಟ್ಟಿನಿಂದ. “ಆ ಎಳ್ಳಿನ ವಾಸನೆಗೇ ಹೊಟ್ಟೆ ತೊಳಸ್ತಿತ್ತು. ಆದ್ರೂ ಯಾಕೆ ಕುಡಿದೆ ಗೊತ್ತಾ? ನೀವು ಮೂರೂ ಜನ ಸುತ್ತ ನಿಂತು ನೋಡ್ತಿದ್ರಿ. ನಿಮ್ಮ ಮುಖ ನೋಡಿ ಕುಡಿದೆ. ನಿಮ್ಮನ್ನ ವಾಸಿ ಮಾಡೋಕೆ ಕುಡಿದೆ ನಾನು!”

“ಬೈಯಿ. ಇನ್ನೂ ಬೈಯಿ.”

ಬೈಯಲಿಲ್ಲ. “ಸಾಯ್ತೀನಾ?” ಎಂದು ಕೇಳಿದಳು.

“ಗೊತ್ತಿಲ್ಲ. ಡಾಕ್ಟ್ರು ದಾರಿ ಇದೆ ಅಂದ್ರು, ಸುಲಭದ್ದಲ್ಲ ಅಂದ್ರು. ನಾಳೆಯಿಂದ ಶುರು. ಅವರು ಹೇಳಿದ್ದನ್ನ ಹಾಗೇ ಹೇಳಿದೀನಿ. ಒಂದಕ್ಷರ ಸೇರ್ಸಿಲ್ಲ, ಒಂದಕ್ಷರ ನುಂಗಿಲ್ಲ. ಇನ್ಮೇಲೆ ಏನು ಕೇಳಿದ್ರೂ ಹೀಗೇ ಹೇಳ್ತೀನಿ.”

ಅವಳು ನನ್ನ ಕೈ ಹಿಡಿದುಕೊಳ್ಳಲಿಲ್ಲ. ಹಿಡಿಯಲಿ ಎಂದು ನಾನು ಕಾದೆ, ನಾಚಿಕೆಯಿಲ್ಲದೆ ಕಾದೆ. ಆಮೇಲೆ ನೆಲಕ್ಕೆ ಬಗ್ಗಿ ಗುಳಿಗೆಗಳನ್ನು ಒಂದೊಂದಾಗಿ ಆರಿಸತೊಡಗಿದೆ. ಸೊಂಟ ಬಗ್ಗಲೊಲ್ಲದು.

ನಾನು ಹಾಗೆ ಮಂಡಿಯೂರಿ ಕೂತಿರುವಾಗಲೇ ಅವಾತಿಫ್ ಒಗೆದ ಬಟ್ಟೆಯ ಗಂಟು ಹಿಡಿದು ಒಳಗೆ ಬಂದಳು. ಮಗಳು ದಿಂಬಿಗೆ ಒರಗಿ ಕೂತಿರುವುದನ್ನು ಕಂಡು ಮುಖ ಅರಳಿತು. “ಎದ್ಯಾ ನನ್ನ ರಾಣಿ? ನೋಡಿದ್ಯಾ ಅಕ್ಕ, ನಾನು ಹೇಳ್ಲಿಲ್ವಾ, ಬಣ್ಣ ಬಂದಿದೆ!”

“ಅಮ್ಮಾ, ಬಾ ಇಲ್ಲಿ. ಕೂತ್ಕೋ,” ಎಂದಳು ಶುರೂಕ್. ಸರಿದು ಜಾಗ ಮಾಡಿಕೊಟ್ಟಳು. ಬಟ್ಟೆಯ ಗಂಟನ್ನು ತಾಯಿಯ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. “ನಿಂಗೊಂದು ವಿಷ್ಯ ಹೇಳ್ಬೇಕು. ಹೆದರ್ಕೋಬಾರ್ದು, ಆಯ್ತಾ?”

ನನ್ನ ತಂಗಿ ನೆಲದ ಮೇಲಿದ್ದ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಅವಳಿಗೆ ಗೊತ್ತಾಯಿತು. ಗೊತ್ತಾದರೂ ಬಿಡಲಿಲ್ಲ. “ಏನಿಲ್ಲ ಕಣೇ,” ಎಂದು ಒಂದೇ ಉಸಿರಿಗೆ ಶುರುಮಾಡಿದಳು, “ಬರೀ ಕ್ಯಾಲ್ಸಿಯಂ, ಸ್ವಲ್ಪ ಕಮ್ಮಿ, ಎಲ್ಲರಿಗೂ ಆಗತ್ತೆ, ನಿಮ್ಮತ್ತೇನೂ ಅಂದ್ರಲ್ಲ...”

“ಇಲ್ಲಮ್ಮ.” ಹುಡುಗಿ ತಾಯಿಯ ಎರಡೂ ಕೈ ಹಿಡಿದುಕೊಂಡಳು. ಡಾಕ್ಟರುಗಳು ಹೇಳುವ ಹಾಗೆ, ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. “ನಂಗೆ ಕ್ಯಾನ್ಸರ್ ಆಗಿದೆ. ನಾಳೆಯಿಂದ ಔಷಧಿ ಕೊಡ್ತಾರಂತೆ. ದಾರಿ ಇದೆಯಂತೆ ಅಮ್ಮ. ಸುಲಭದ್ದಲ್ಲ, ಆದ್ರೆ ಇದೆಯಂತೆ.”

ಅವಾತಿಫ್ ಚೀರಿದಳು. ಹತ್ತು ದಿನದ ಹಿಂದೆ ಡಾಕ್ಟರ್ ಹೇಳಿದಾಗ ಅವಳು ಅತ್ತದ್ದನ್ನು ನಾನು ನೋಡಿದ್ದೆ. ಆ ಅಳು ಬೇರೆ, ಈ ಚೀರು ಬೇರೆ. ಇದು ಮೊದಲ ಸಲ ಕೇಳಿದವಳ ಚೀರು. ಮಗಳ ಮಡಿಲಿಗೆ ಮುಖ ಹಾಕಿದಳು.

ಶುರೂಕ್ ತಾಯಿಯ ಬೆನ್ನು ಸವರುತ್ತಾ ಕೂತಳು. ಸೂಜಿ ಚುಚ್ಚಿದ ಕೈಯನ್ನು ಮಾತ್ರ ಹುಷಾರಾಗಿ ಆಚೆ ಇಟ್ಟುಕೊಂಡಿದ್ದಳು.

“ಅಳಮ್ಮ, ಪರವಾಗಿಲ್ಲ,” ಎಂದಳು. “ನಾನು ಇಲ್ಲೇ ಇದೀನಲ್ಲ.”